ಮನೆ ಕಟ್ಟಿ ನೋಡು, ಕುದುರೆ ಕಟ್ಟಿ ನೋಡು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ನಮ್ಮ ಹಿರಿಯರು ಹೇಳಿ ಹೋದರು. ಪುಣೆಯಲ್ಲಿರುವ ನಮ್ಮ ಕನ್ನಡದ ಬಳಗ ಈಗ ಈ ಗಾದೆಗೆ ಮೂರನೆಯದೊಂದನ್ನು ಸೇರಿಸಲು ಹೊರಟ ಹಾಗೆ ಕಾಣುತ್ತಿದೆ: ಕುದುರೆ ಕಟ್ಟಿ ನೋಡು! ಒಂದೆರಡು ವರ್ಷದಿಂದ ನನಗೆ ಗೊತ್ತಿರುವ ನಾಲ್ಕು ಮನೆಗಳಲ್ಲಿ ಇದೇ ಮಾತು. ನಿವೃತ್ತಿ ಹತ್ತಿರ ಬಂತು, ಮಕ್ಕಳು ದೂರ ಹೋದರು, ಫ್ಲಾಟು ಸಾಕಾಯಿತು. ಮುಳಶಿ ಕಡೆಯೋ ಮಾವಳ ಕಡೆಯೋ ಎರಡು ಮೂರು ಎಕರೆ ಖಾಲಿ ಜಮೀನು ತೊಗೊಂಡು, ಚಿಕ್ಕದೊಂದು ಮನೆ ಕಟ್ಟಿಸಿ, ಎರಡು ಕುದುರೆ ಸಾಕಿಕೊಂಡು ಹಾಯಾಗಿ ಇದ್ದುಬಿಡೋಣ ಅಂತ. ಜಾಗ ನೋಡಲು ಹೋದ ಫೋಟೋಗಳು ವಾಟ್ಸಾಪಿನಲ್ಲಿ ಬರುತ್ತಲೇ ಇರುತ್ತವೆ. ಹಸಿರು ಗುಡ್ಡ, ಮಂಜು, ಸಣ್ಣದೊಂದು ಝರಿ.

ಕನಸು ಕೆಟ್ಟದ್ದೇನಲ್ಲ. ಮೂವತ್ತು ವರ್ಷ ಲಿಫ್ಟಿನಲ್ಲಿ ಹತ್ತಿ ಇಳಿದವನಿಗೆ ಸ್ವಂತ ಮಣ್ಣಿನ ಮೇಲೆ ಕಾಲಿಡಬೇಕು ಅನ್ನಿಸುವುದು ಸಹಜ. ನನ್ನ ತಕರಾರು ಇರುವುದು ಕೆಲಸದ ಕ್ರಮದ ಬಗ್ಗೆ. ಎಲ್ಲರ ನಕ್ಷೆಯಲ್ಲೂ ಮೊದಲು ಬರುವುದು ಯಜಮಾನರ ಮನೆ, ವರಾಂಡ, ಜೋಕಾಲಿ. ಮೂಲೆಯಲ್ಲೊಂದು ಸಣ್ಣ ಚೌಕ ಬರೆದು "ಲಾಯ" ಅಂತ ಗುರುತು ಹಾಕಿರುತ್ತಾರೆ. ನನ್ನ ಪ್ರಕಾರ ಕುದುರೆ ಇರುವ ಜಾಗದಲ್ಲಿ ಯಜಮಾನರ ಮನೆ ಎಲ್ಲಕ್ಕಿಂತ ಕೊನೆಗೆ ಬರಬೇಕು. ನೀರು, ಬೇಲಿ, ಹುಲ್ಲಿನ ಕೋಣೆ, ಲಾಯ, ಕುದುರೆ ನೋಡಿಕೊಳ್ಳುವವನ ಮನೆ... ಇಷ್ಟೂ ಆದ ಮೇಲೆ ದುಡ್ಡು ಉಳಿದರೆ ನಮ್ಮ ಮನೆ. ಉಳಿಯದಿದ್ದರೆ ಶನಿವಾರ ಹೋಗಿ ಭಾನುವಾರ ಬರುವಷ್ಟು ಒಂದು ಕೋಣೆ ಸಾಕು.

ಮೊದಲನೆಯದಾಗಿ ಜಾಗದ ಮಾತು. ನಾವೆಲ್ಲ ಜಮೀನು ನೋಡಲು ಹೋಗುವುದು ಜುಲೈ, ಆಗಸ್ಟಿನಲ್ಲಿ. ಆಗ ಸಹ್ಯಾದ್ರಿಯ ಯಾವ ಬೋಳು ಗುಡ್ಡವೂ ಸ್ವರ್ಗವೇ. ಲೋಣಾವಳದಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಪುಣೆ ಊರಿಗೆ ಬಂದರೆ ಅದು 700ರ ಆಸುಪಾಸು, ಬಾರಾಮತಿ ಕಡೆ ಹೋದರೆ 500ರ ಆಸುಪಾಸು. ಇಷ್ಟೆಲ್ಲ ವ್ಯತ್ಯಾಸ ನೂರೈವತ್ತು ಕಿಲೋಮೀಟರಿನೊಳಗೆ! ನಮಗೆ ಚೆಂದ ಕಾಣುವುದು ಪಶ್ಚಿಮದ ಆ ಹಸಿರು. ಕುದುರೆಗೆ ಬೇಕಾದದ್ದು ಪೂರ್ವದ ಈ ಒಣ ನೆಲ. ನಾಲ್ಕು ತಿಂಗಳು ಕೆಸರಿನಲ್ಲಿ ನಿಂತರೆ ಗೊರಸು ಕೊಳೆಯುತ್ತದೆ, ಹುಲ್ಲಿಗೆ ಬೂಷ್ಟು ಹಿಡಿಯುತ್ತದೆ, ರಕ್ತ ಹೀರುವ ನೊಣಗಳು ಸರ್ರಾ ರೋಗ ತರುತ್ತವೆ.

ಇದು ಪುಸ್ತಕದ ಮಾತಲ್ಲ. ಇಲ್ಲಿನ ಧನಗರರು ತಲೆಮಾರುಗಳಿಂದ ಮಾಡಿಕೊಂಡು ಬಂದದ್ದನ್ನು ನೋಡಿ. ದೀಪಾವಳಿ ಮುಗಿದ ಮೇಲೆ ಕುರಿ ಹಿಂಡು ಹೊಡೆದುಕೊಂಡು ಕೊಂಕಣಕ್ಕೆ ಇಳಿಯುತ್ತಾರೆ, ಮಳೆಗಾಲ ಹಿಡಿಯುವ ಮುಂಚೆ ಘಟ್ಟ ಹತ್ತಿ ಒಣ ಸೀಮೆಗೆ ವಾಪಸ್ಸು ಬರುತ್ತಾರೆ. ಅವರ ಪಾತ್ರೆ ಪಗಡ, ಹಾಸಿಗೆ, ಎಳೆ ಮರಿಗಳು ಎಲ್ಲ ಕುದುರೆಯ ಬೆನ್ನ ಮೇಲೆ. ನಮ್ಮ ಚಿಕ್ಕೋಡಿ ಕಡೆಯ ಕುರುಬರ ಹಿಂಡಿನಲ್ಲೂ ಇಂಥ ಕುದುರೆಗಳನ್ನು ನೀವು ನೋಡಿರಬಹುದು. ಇಲ್ಲಿ ಅದಕ್ಕೆ ಭೀಮಥಡಿ ಅನ್ನುತ್ತಾರೆ, ಭೀಮಾ ನದಿಯ ದಡದ ಕುದುರೆ ಅಂತ. ಕುದುರೆ ಬಲ್ಲವರು ಮಳೆಗಾಲ ಬಂತೆಂದರೆ ಆ ಪ್ರಾಣಿಯನ್ನು ಹಸಿರಿನಿಂದ ಆಚೆ ಒಯ್ಯುತ್ತಾರೆ. ನಾವು ದುಡ್ಡು ಕೊಟ್ಟು ಆ ಹಸಿರಿನ ನಡುವೆಯೇ ತಂದು ಕಟ್ಟುತ್ತೇವೆ. ಆದ್ದರಿಂದ ಜಾಗವನ್ನು ಎರಡು ಸಲ ನೋಡಿ. ಒಮ್ಮೆ ಮೇ ತಿಂಗಳಲ್ಲಿ, ಬಾವಿಯ ತಳ ನೋಡಲಿಕ್ಕೆ. ಇನ್ನೊಮ್ಮೆ ಆಗಸ್ಟಿನಲ್ಲಿ, ನೀರು ಎಲ್ಲಿ ನಿಲ್ಲುತ್ತದೆ ಅಂತ ನೋಡಲಿಕ್ಕೆ.

ಎರಡನೆಯದು ಲೆಕ್ಕ. ಒಂದು ಸಾಧಾರಣ ಕುದುರೆ 400 ಕೆಜಿ ತೂಗುತ್ತದೆ ಅಂತಿಟ್ಟುಕೊಳ್ಳಿ. ಅದಕ್ಕೆ ದಿನಕ್ಕೆ ತನ್ನ ತೂಕದ ಸುಮಾರು ನೂರಕ್ಕೆ ಎರಡರಷ್ಟು ಒಣ ಮೇವು ಬೇಕು, ಅಂದರೆ 8 ಕೆಜಿ. ವರ್ಷಕ್ಕೆ ಹೆಚ್ಚು ಕಡಿಮೆ 3 ಟನ್ನು. ಎರಡು ಕುದುರೆಗೆ 6 ಟನ್ನು! ಒಂದೇ ಕುದುರೆ ಸಾಕುತ್ತೇನೆ ಅಂತ ಹೇಳಬೇಡಿ. ಅದು ಹಿಂಡಿನ ಪ್ರಾಣಿ, ಒಂಟಿಯಾದರೆ ಕೊರಗುತ್ತದೆ. ಮಳೆಗಾಲಕ್ಕೆ ಬೇಕಾದ ಮೇವನ್ನು ಬೇಸಿಗೆಯಲ್ಲೇ ಕೊಂಡು, ನೆಲದಿಂದ ಮೇಲೆತ್ತಿ, ಹನಿ ಬೀಳದ ಕಡೆ ಒಟ್ಟಬೇಕು. ಬೂಷ್ಟು ಹಿಡಿದದ್ದನ್ನು ಎಮ್ಮೆಯ ಮುಂದೆ ಹಾಕಿದ ಹಾಗೆ ಇದರ ಮುಂದೆ ಹಾಕುವಂತಿಲ್ಲ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಕೆಟ್ಟದ್ದು ಹೊಟ್ಟೆ ಸೇರಿತೆಂದರೆ ಹೊಟ್ಟೆನೋವಿನಲ್ಲಿ ಹೊರಳಾಡಿ ಒಂದೇ ರಾತ್ರಿಯಲ್ಲಿ ಸತ್ತುಹೋಗಬಹುದು. ರಾತ್ರಿ ಎರಡು ಗಂಟೆಗೆ ಆ ಕಚ್ಚಾ ರಸ್ತೆಯಲ್ಲಿ ಯಾವ ಡಾಕ್ಟರು ಬರುತ್ತಾರೆ ಅನ್ನುವ ಪ್ರಶ್ನೆಗೆ ಜಮೀನು ಕೊಳ್ಳುವ ಮುಂಚೆಯೇ ಉತ್ತರ ಇರಬೇಕು. ದನದ ಡಾಕ್ಟರೆಲ್ಲ ಕುದುರೆ ಡಾಕ್ಟರಲ್ಲ. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕೆತ್ತಿ ಲಾಳ ಹೊಡೆಯುವ ನಾಲಬಂದನೂ ಬೇಕು. ಅವನು ಸಿಗುವುದು ರೇಸ್ ಕೋರ್ಸಿನ ಸುತ್ತಮುತ್ತ, ಬೆಟ್ಟದ ಹಳ್ಳಿಯಲ್ಲಲ್ಲ.

ನೀರು ದಿನಕ್ಕೆ ಕುದುರೆಯೊಂದಕ್ಕೆ 25ರಿಂದ 40 ಲೀಟರು, ಕುಡಿಯಲಿಕ್ಕೇ. ಒಣ ಸೀಮೆಯಲ್ಲಿ ಇದು ಆಗುವ ಮಾತೇ ಅಂತ ಹೆದರಬೇಡಿ. ಲಾಯ, ಹುಲ್ಲಿನ ಕೋಣೆ, ಆಳಿನ ಮನೆ ಮೂರೂ ಸೇರಿ 1000 ಚದರಡಿ ಚಾವಣಿ ಇದ್ದರೆ, 500 ಮಿಲಿಮೀಟರ್ ಮಳೆಯಲ್ಲಿ ಅದರ ಮೇಲೆ ಸುಮಾರು 46,000 ಲೀಟರು ಬೀಳುತ್ತದೆ. ಸೋರಿ ಹೋದದ್ದು ಬಿಟ್ಟು 37,000 ಹಿಡಿದೆವು ಅನ್ನೋಣ. ಎರಡು ಕುದುರೆ ದಿನಕ್ಕೆ 70 ಲೀಟರು ಕುಡಿದರೂ ಎಂಟು ತಿಂಗಳ ಒಣಗಾಲಕ್ಕೆ ಬೇಕಾಗುವುದು 17,000 ಲೀಟರು ಮಾತ್ರ. ಅಂದರೆ 20,000 ಲೀಟರಿನ ಒಂದು ತೊಟ್ಟಿ. ಆ ತೊಟ್ಟಿ ಮೊದಲ ವರ್ಷವೇ ಕಟ್ಟಬೇಕು. ಬಂಗಲೆಗೆ ಗ್ರಾನೈಟು ಹಾಸಿದ ಮೇಲೆ ಟ್ಯಾಂಕರಿಗೆ ಫೋನು ಮಾಡುವುದು ಅಂದರೆ ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಲಾಯದಲ್ಲಿ ಒಂದೊಂದು ಕುದುರೆಗೆ 12 ಅಡಿಗೆ 12 ಅಡಿ ಜಾಗ, ಮೇಲೆ ಗಾಳಿ ಹೊರಹೋಗಲು ದಾರಿ, ಕೆಳಗೆ ಕಾಲು ಜಾರದ ನೆಲ. ಬೇಲಿಗೆ ಮುಳ್ಳುತಂತಿ ಬೇಡವೇ ಬೇಡ. ಹಸು ಮುಳ್ಳುತಂತಿ ಕಂಡರೆ ನಿಲ್ಲುತ್ತದೆ, ಕುದುರೆ ಬೆದರಿದರೆ ಅದರೊಳಗೇ ನುಗ್ಗಿ ಕಾಲು ಸೀಳಿಕೊಳ್ಳುತ್ತದೆ. ಕಲ್ಲಿನ ಗೋಡೆಯೋ ಮರದ ಅಡ್ಡಪಟ್ಟಿಯೋ ಆಗಬೇಕು. ಇಷ್ಟನ್ನು ಜಮೀನು ತೋರಿಸುವ ಏಜೆಂಟು ಹೇಳುವುದಿಲ್ಲ. ಅವನಿಗೆ ಕುದುರೆ ಅಂದರೆ ಬ್ರೋಷರಿನ ಚಿತ್ರ.

ಮೂರನೆಯದು, ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸುವುದು: ನೋಡಿಕೊಳ್ಳುವವನು. ನಮ್ಮ ಬಳಗದವರೇ ಒಬ್ಬರು (ಹೆಸರು ಬೇಡ) ಎಂಟು ತಿಂಗಳಲ್ಲಿ ಬಂಗಲೆ ಎಬ್ಬಿಸಿದರು. ಗೃಹಪ್ರವೇಶಕ್ಕೆ ನಾವೆಲ್ಲ ಹೋಗಿ ಹೋಳಿಗೆ ಊಟ ಮಾಡಿ ಬಂದೆವು. ಕುದುರೆ ನೋಡಿಕೊಳ್ಳಲು ಬಂದ ಹುಡುಗನಿಗೆ, ಅವನ ಹೆಂಡತಿಗೆ, ಎರಡು ಮಕ್ಕಳಿಗೆ ಅಂತ ಕೊಟ್ಟದ್ದು ಒಂದು ತಗಡಿನ ಶೆಡ್ಡು. ಕಕ್ಕಸು ಇಲ್ಲ, ಶಾಲೆ ಆರು ಕಿಲೋಮೀಟರು. ದೀಪಾವಳಿಗೆ ಊರಿಗೆ ಹೋದವನು ತಿರುಗಿ ಬರಲಿಲ್ಲ. ಹೇಗೆ ಬಂದಾನು? ಆಮೇಲೆ ಆರು ತಿಂಗಳಲ್ಲಿ ಮೂರು ಜನ ಬದಲಾದರು. ಕೊನೆಗೆ ಎರಡು ಕುದುರೆಗಳನ್ನೂ ಮದುವೆ ಮೆರವಣಿಗೆಗೆ ಕುದುರೆ ಬಾಡಿಗೆ ಕೊಡುವವನಿಗೆ ಮಾರಿದರು. ಬಯಲಿನಲ್ಲಿ ಓಡಾಡಿಕೊಂಡಿರಲಿ ಅಂತ ತಂದ ಪ್ರಾಣಿಗಳು ಈಗ ಡಿಜೆ ಸದ್ದಿನ ನಡುವೆ, ಪಟಾಕಿಯ ಹೊಗೆಯಲ್ಲಿ, ಡಾಂಬರಿನ ಮೇಲೆ ಮದುಮಕ್ಕಳನ್ನು ಹೊರುತ್ತಿವೆ. ಬಂಗಲೆ ಮಾತ್ರ ಚೆನ್ನಾಗಿದೆ.

ಇದಕ್ಕೆ ವಿರುದ್ಧದ ಉದಾಹರಣೆಯೂ ಇದೆ. ಪುರಂದರ ತಾಲ್ಲೂಕಿನ ಒಣ ಇಳಿಜಾರಿನಲ್ಲಿ ಮೂರು ಎಕರೆ ಇಟ್ಟುಕೊಂಡ ಇನ್ನೊಬ್ಬರು ಮೊದಲು ಕಟ್ಟಿದ್ದು ಆಳಿನ ಮನೆ. ಎರಡು ಕೋಣೆ, ಅಡುಗೆ ಮನೆ, ಬಚ್ಚಲು. ಶಾಲೆಯ ಬಸ್ಸು ನಿಲ್ಲುವ ಕಡೆಗೇ ಗೇಟು. ಆ ಸಂಸಾರ ಏಳು ವರ್ಷದಿಂದ ಅಲ್ಲೇ ಇದೆ. ಎರಡು ಕುದುರೆಯ ಲದ್ದಿ ಗೊಬ್ಬರವಾಗಿ ಸೀತಾಫಲದ ಗಿಡಗಳಿಗೆ ಹೋಗುತ್ತದೆ. ಯಜಮಾನರು ಇವತ್ತಿಗೂ ಮಲಗುವುದು ಹುಲ್ಲಿನ ಕೋಣೆಗೆ ಅಂಟಿಕೊಂಡ ಒಂದು ರೂಮಿನಲ್ಲಿ.

ಕಾಗದಪತ್ರದ ಬಗ್ಗೆ ಎರಡೇ ಮಾತು. ಕರ್ನಾಟಕದಲ್ಲಿ 2020ರ ತಿದ್ದುಪಡಿ 79ಎ, 79ಬಿ ಕಲಮುಗಳನ್ನು ತೆಗೆದು ಹಾಕಿ, ರೈತರಲ್ಲದವರಿಗೂ ಕೃಷಿ ಜಮೀನು ಕೊಳ್ಳುವ ದಾರಿ ತೆರೆಯಿತು. ಅದನ್ನೇ ನಂಬಿ ಮಹಾರಾಷ್ಟ್ರದಲ್ಲಿ ಅಡ್ವಾನ್ಸು ಕೊಡಬೇಡಿ. ಇಲ್ಲಿ 1948ರ ಗೇಣಿ ಕಾಯ್ದೆಯ 63ನೇ ಕಲಮು ಬೇರೆಯದೇ ಹೇಳುತ್ತದೆ. ರೈತನಲ್ಲದವನು ಅನುಮತಿ ಇಲ್ಲದೆ ಕೃಷಿ ಜಮೀನು ಕೊಳ್ಳುವಂತಿಲ್ಲ. ಊರಿನ ಪಹಣಿ ಜೇಬಿನಲ್ಲಿದ್ದರೂ ಮೊದಲು ವಕೀಲರಿಗೆ ತೋರಿಸಿ, ಆಮೇಲೆ ಸಾತ್‌ಬಾರಾ ನೋಡಿ.

"ಹಾಗಾದರೆ ನಮ್ಮಂಥವರು ಕನಸೇ ಕಾಣಬಾರದಾ ಸರ್?" ಅಂತ ಮೊನ್ನೆ ಒಬ್ಬರು ಬೇಸರದಿಂದಲೇ ಕೇಳಿದರು. ಕಾಣಿ. ಆದರೆ ಒಂದು ಲೆಕ್ಕ ಹಾಕಿ. ಕುದುರೆ 25ರಿಂದ 30 ವರ್ಷ ಬದುಕುತ್ತದೆ. ಐವತ್ತೆಂಟರಲ್ಲಿ ನೀವು ಐದು ವರ್ಷದ ಕುದುರೆ ತಂದರೆ, ಅದು ಮುದಿಯಾಗುವ ಹೊತ್ತಿಗೆ ನಿಮಗೆ ಎಂಬತ್ತರ ಹತ್ತಿರ. ಆಗ ಅದನ್ನು ಯಾರ ಕೈಗೆ ಕೊಡುತ್ತೀರಿ? ಸಿಯಾಟಲ್‌ನಲ್ಲಿರುವ ಮಗನಿಗೆ ಮನೆ ಮಾರಲು ಬರುತ್ತದೆ, ಜಮೀನು ಮಾರಲು ಬರುತ್ತದೆ. ಮುದಿ ಕುದುರೆಯನ್ನು ಒಳ್ಳೆಯ ಮನಸ್ಸಿನಿಂದ ಕೊಳ್ಳುವವರು ಯಾರೂ ಇಲ್ಲ. ಈ ಒಂದು ಪ್ರಶ್ನೆಗೆ ಹೆಸರಿಟ್ಟು ಉತ್ತರ ಹೇಳಬಲ್ಲವರು ಧಾರಾಳವಾಗಿ ಕುದುರೆ ಕಟ್ಟಲಿ. ಹೇಳಲಾಗದವರಿಗೆ ರೈಡಿಂಗ್ ಕ್ಲಬ್ಬುಗಳಿವೆ. ತಿಂಗಳಿಗೆ ಇಷ್ಟು ಅಂತ ಕೊಟ್ಟು ವಾರಕ್ಕೆರಡು ಬೆಳಿಗ್ಗೆ ಸವಾರಿ ಮಾಡಿ ಬರಬಹುದು, ಕುದುರೆಗೂ ಸುಖ, ನಮಗೂ ಸುಖ. ಜಮೀನು ಬೇಕೇ ಬೇಕೆಂದರೆ ಮಾವಿನ ಗಿಡ ಹಾಕಿ. ಅದು ನಾಲ್ಕು ದಿನ ಯಾರೂ ಬರದಿದ್ದರೂ ಸಾಯುವುದಿಲ್ಲ.

ಮನೆ ಬೀಗ ಹಾಕಿದರೆ ಕಾಯುತ್ತದೆ, ಕುದುರೆಗೆ ಬೀಗ ಹಾಕಲು ಬರುವುದಿಲ್ಲ. ನನಗೆ ಅನ್ನಿಸುವುದು ಇಷ್ಟೇ. ನೀವೇನಂತೀರಿ?