ಶಾಲೆ ಎಷ್ಟು ದೂರ, ಯಾವ ಭಾಷೆಯ ಶಾಲೆ?



ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಕರ್ಯ ಒದಗಿಸಬೇಕೆಂದು ಸಂವಿಧಾನದ 350-ಎ ವಿಧಿ ಹೇಳುತ್ತದೆ. ಅದು ಸೇರಿದ್ದು 1956ರಲ್ಲಿ. ಗದ್ವಾಲ ತಾಲ್ಲೂಕು ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಹೋದದ್ದೂ ಅದೇ ವರ್ಷ. ಶಾಲೆ ಇದ್ದರಾಯಿತೇ? ಮಗು ಅಲ್ಲಿಗೆ ಮುಟ್ಟುವುದು ಹೇಗೆ?

ಕಳೆದ ಮಳೆಗಾಲದಲ್ಲಿ ಕೆಲಸದ ನಿಮಿತ್ತ ಮಕ್ತಲ್ ಕಡೆಯ ಒಂದು ಹಳ್ಳಿಗೆ ಹೋಗಬೇಕಾಯಿತು. ಬಸ್ಸು ಮುಖ್ಯ ರಸ್ತೆಯಲ್ಲೇ ಇಳಿಸಿತು. ಮುಂದಕ್ಕೆ ಬಾಡಿಗೆಯ ಮೋಟಾರ್‌ಸೈಕಲ್ಲೇ ಗತಿ. ಮಲೆ ಮಹದೇಶ್ವರ ಬೆಟ್ಟದ ಕಾಡೂರುಗಳಂಥ ಏರುದಾರಿ ನಮ್ಮಲ್ಲಿಲ್ಲ, ನಿಜ. ಎರೆಮಣ್ಣಿನ ರಾಡಿ ಅದಕ್ಕೇನೂ ಕಡಿಮೆಯಲ್ಲ. "ಗಟ್ಟಿ ಹಿಡ್ಕೊಂಡು ಕೂಡ್ರಿ ಸರ್, ಗಾಲಿ ಜಾರ್ತದ" ಎಂದ ಹುಡುಗ. ಎದುರಿಗೆ ಬಂದ ಇನ್ನೊಂದು ಗಾಡಿಯ ಮೇಲೆ ಸಮವಸ್ತ್ರದ ಮೂವರು ಮಕ್ಕಳಿದ್ದರು. ಪಾಟಿಚೀಲಗಳು ಟ್ಯಾಂಕಿನ ಮೇಲೆ.

ಗೋವಾದಲ್ಲಿ ಬಾಡಿಗೆ ಮೋಟಾರ್‌ಸೈಕಲ್ ನಡೆಸುವ 'ಪೈಲಟ್'ಗಳಿಗೆ ಸರಕಾರದ ಪರವಾನಗಿ ಇದೆ. ನಮ್ಮ ಹಳ್ಳಿಯ ಬಿಳಿ ಫಲಕದ ಗಾಡಿಗೆ ಅದಿಲ್ಲ. ಬಾಡಿಗೆಗೆ ಓಡುವಾಗ ಬಿದ್ದರೆ ವಿಮೆ ಕಂಪನಿ ಅದನ್ನೇ ಹಿಡಿದು ತಕರಾರು ತೆಗೆಯಬಹುದು. ಹುಡುಗರನ್ನು ದೂರುತ್ತಿಲ್ಲ, ಅವರೂ ಇಲ್ಲದಿದ್ದರೆ ಆ ಮೂವರು ಮನೆಯಲ್ಲೇ ಇರುತ್ತಿದ್ದರೇನೋ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಕೆಳಗೆ 2010ರಲ್ಲಿ ಬಂದ ಕೇಂದ್ರ ನಿಯಮಗಳು 1ರಿಂದ 5ನೆಯ ತರಗತಿಗೆ 1 ಕಿಲೋಮೀಟರ್, 6ರಿಂದ 8ಕ್ಕೆ 3 ಕಿಲೋಮೀಟರ್ ಒಳಗೆ ಶಾಲೆ ಇರಬೇಕೆನ್ನುತ್ತವೆ. ಇಲ್ಲದ ಸಣ್ಣ ಊರುಗಳ ಮಕ್ಕಳಿಗೆ ಉಚಿತ ಸಾರಿಗೆಯಂಥ ಏರ್ಪಾಡು ಮಾಡಬೇಕೆಂದೂ ಇದೆ. ತೊಡಕು ಇರುವುದು 'ಶಾಲೆ' ಎಂಬ ಪದದಲ್ಲಿ. ಅಲ್ಲಿ ಕನ್ನಡ ಶಾಲೆ ಎಂದಿಲ್ಲ. ಊರೊಳಗೆ ತೆಲುಗು ಶಾಲೆಯಿದ್ದರೆ ಲೆಕ್ಕದಲ್ಲಿ ನಮ್ಮ ಮಗುವಿಗೆ ದೂರವೇ ಇಲ್ಲ! ಅದೇ ಕಾಯ್ದೆಯ 29ನೆಯ ಕಲಂ ಮಾತ್ರ, ಸಾಧ್ಯವಾದ ಮಟ್ಟಿಗೆ ಮಾತೃಭಾಷೆಯಲ್ಲೇ ಕಲಿಸಬೇಕು ಎನ್ನುತ್ತದೆ. ಈ ಎರಡನ್ನೂ ಜೋಡಿಸಿ ಓದಬೇಕು; ದೂರವನ್ನು ಕನ್ನಡ ಶಾಲೆಯಿಂದಲೇ ಅಳೆಯಬೇಕು. ನನ್ನ ವಾದ ಇಷ್ಟೇ.

ಹೈಸ್ಕೂಲಿನದು ಇನ್ನೂ ಕಷ್ಟ. 350-ಎ ಪ್ರಾಥಮಿಕಕ್ಕೆ, 2009ರ ಕಾಯ್ದೆ 8ನೆಯ ತರಗತಿಗೆ ನಿಲ್ಲುತ್ತದೆ. ಅಲ್ಲಿಂದಾಚೆ ಹೆಣ್ಣುಮಗಳನ್ನು ಅಪರಿಚಿತರ ಗಾಡಿ ಹತ್ತಿಸಲು ಯಾವ ತಾಯಿ ಒಪ್ಪಿಯಾಳು?

ಸರಕಾರಿ ಶಾಲೆಯ ನಿರ್ವಹಣಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕೆಂದು 21ನೆಯ ಕಲಂ ಹೇಳುತ್ತದೆ. ಜೂನ್‌ನಲ್ಲಿ ಶಾಲೆ ತೆರೆದ ಕೂಡಲೇ ಸಭೆ ಕರೆಯಿರಿ. ಯಾವ ಊರಿನಿಂದ ಎಷ್ಟು ಮಕ್ಕಳು, ಎಷ್ಟು ದೂರ, ಯಾವುದರ ಮೇಲೆ ಬರುತ್ತಾರೆಂದು ಬರೆದು ಠರಾವು ಮಾಡಿ ಜಿಲ್ಲಾ ಕಲೆಕ್ಟರಿಗೆ ಕೊಡಿರಿ. ಒಂದು ಪ್ರತಿ ಕೇಂದ್ರದ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೂ ಹೋಗಲಿ. ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಡಬೇಡಿರಿ.