ಗಿಡ್ಡ ತಂತಿಯ ಗಿಟಾರ್: ಕಲಿಯುವವರ ವಾದ್ಯ ಕೀಳು ವಾದ್ಯವೆ?

ವಾದ್ಯಗಳಲ್ಲಿ ದೊಡ್ಡದೇ ಮೇಲು, ಚಿಕ್ಕದು ಕೀಳು ಎಂಬ ಭಾವನೆ ನಮ್ಮ ಜನರಲ್ಲಿ ಬಲವಾಗಿ ಬೇರೂರಿದೆ. ‘ವಿದ್ಯಾರ್ಥಿಗಳ ಗಿಟಾರ್’ ಎಂಬ ಹೆಸರನ್ನು ಕೇಳಿದೊಡನೆ ಅನೇಕರು ಮುಗುಳುನಗುತ್ತಾರೆ. ಆಟದ ಸಾಮಾನಿಗಿಂತ ತುಸು ಮೇಲೆ, ನಿಜವಾದ ವಾದ್ಯಕ್ಕಿಂತ ಬಹಳ ಕೆಳಗೆ ಎಂದು ಅದಕ್ಕೆ ಸ್ಥಾನ ಕಟ್ಟುತ್ತಾರೆ. ಈ ಎಣಿಕೆ ಭೌತಶಾಸ್ತ್ರಕ್ಕೆ ಒಪ್ಪುವುದಲ್ಲ. ಸಂಗೀತದ ಚರಿತ್ರೆಗೂ ಒಪ್ಪುವುದಲ್ಲ. ಇದು ಕೇವಲ ಅಭಿರುಚಿಯ ಪ್ರಶ್ನೆಯಾಗಿದ್ದರೆ ವಿಜ್ಞಾನ ಪತ್ರಿಕೆಯ ಪುಟಗಳಲ್ಲಿ ನಾವು ಅದನ್ನು ಎತ್ತುತ್ತಿರಲಿಲ್ಲ. ಆದರೆ ತಮ್ಮ ಕೈಗೆ ಹೊಂದದ ವಾದ್ಯವನ್ನು ಹಿಡಿದು, ಸೋತು, ಸಂಗೀತವೇ ತಮಗೆ ಒಲಿಯದೆಂದು ನಂಬಿ ಅದನ್ನು ಕೈಬಿಡುವ ಹುಡುಗ ಹುಡುಗಿಯರು ಊರೂರಲ್ಲಿಯೂ ಇದ್ದಾರೆ. ಈ ನಷ್ಟವನ್ನು ತಡೆಯುವುದು ಸಾಧ್ಯವಿರುವಾಗ ಸುಮ್ಮನಿರುವುದು ಸರಿಯಲ್ಲ.

ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕಿನಲ್ಲಿ, ಹಿರಣ್ಯಕೇಶಿ ನದಿಯ ದಂಡೆಯ ಮೇಲೆ, ಸಂಕೇಶ್ವರವಿದೆ. ಕಬ್ಬಿಗೂ ಮೆಣಸಿನಕಾಯಿಗೂ ಹೆಸರಾದ ಊರು. ಪುಣೆ-ಬೆಂಗಳೂರು ಹೆದ್ದಾರಿ ಅದರ ಮಗ್ಗುಲಲ್ಲಿಯೇ ಹಾದುಹೋಗುತ್ತದೆ. ಅಲ್ಲಿ ನಮ್ಮ ಪರಿಚಯದವರ ಮನೆಯಲ್ಲಿ ಏಳನೆಯ ತರಗತಿಯ ಹುಡುಗನೊಬ್ಬನಿದ್ದಾನೆ. ಸೋದರಮಾವ ಅವನಿಗೆ ಒಂದು ಗಿಟಾರನ್ನು ತಂದುಕೊಟ್ಟಿದ್ದರು. ಬೆಳೆಯುವ ಮಕ್ಕಳಿಗೆ ಅಂಗಿಯನ್ನು ದೊಡ್ಡದಾಗಿ ಹೊಲಿಸುವಂತೆ, ‘ಮುಂದೆಯೂ ಬರಲಿ’ ಎಂದು ಪೂರ್ಣ ಅಳತೆಯ, ಉಕ್ಕಿನ ತಂತಿಯ ವಾದ್ಯವನ್ನೇ ಆರಿಸಿದ್ದರು. ನಾವು ಹೋದಾಗ ಅದು ಗೋಡೆಯ ಮೊಳೆಗೆ ತೂಗುಬಿದ್ದಿತ್ತು. ಮೂರು ತಿಂಗಳು ಬೆರಳು ನೋಯಿಸಿಕೊಂಡು ಬಿಟ್ಟುಬಿಟ್ಟನೆಂದು ತಾಯಿ ಹೇಳಿದರು. ಏಕೆಂದು ಹುಡುಗನನ್ನೇ ಕೇಳಿದೆವು. ‘ನನ್ನ ಬೆರಳ ಸಣ್ಣವು ಅದಾವ್ರಿ ಸರ, ನನಗ ಇದು ಬರೂದಿಲ್ರಿ’ ಎಂದನು. ಅವನು ತಪ್ಪನ್ನು ತನ್ನ ಬೆರಳಿನಲ್ಲಿ ಕಂಡನು. ನಮಗೆ ಅದು ಬೇರೆಡೆಯಲ್ಲಿ ಕಂಡಿತು.

ಗಿಟಾರಿನ ತಂತಿ ಒಂದು ಕಡೆ ದಂಡಿಯ ತುದಿಯ ಪಟ್ಟಿಯ ಮೇಲೂ ಇನ್ನೊಂದು ಕಡೆ ಕುದುರೆಯ ಮೇಲೂ ಆತುಕೊಂಡಿರುತ್ತದೆ. ಇವೆರಡರ ನಡುವೆ ಕಂಪಿಸುವ ತಂತಿಯ ಉದ್ದವೇ ವಾದ್ಯದ ಮುಖ್ಯ ಅಳತೆ. ಪೂರ್ಣ ಅಳತೆಯ ವಿದ್ಯುತ್ ಗಿಟಾರುಗಳಲ್ಲಿ ಪ್ರಸಿದ್ಧವಾದ ಒಂದು ಬಗೆಗೆ ಈ ಉದ್ದ ೨೫.೫ ಇಂಚು, ಎಂದರೆ ಸುಮಾರು ೬೪.೮ ಸೆಂಟಿಮೀಟರ್. ವಿದ್ಯಾರ್ಥಿಗಳಿಗೆಂದು ಮಾಡಿದ ಗಿಡ್ಡ ತಂತಿಯ ಗಿಟಾರುಗಳಲ್ಲಿ ಅದು ೨೨.೫ ಇಂಚು, ಸುಮಾರು ೫೭.೨ ಸೆಂಟಿಮೀಟರ್. ಇವುಗಳ ನಡುವೆ ೨೪ ಇಂಚಿನವೂ ಉಂಟು. ವ್ಯತ್ಯಾಸ ಮೂರೇ ಇಂಚು. ಇಷ್ಟರಿಂದ ಏನಾದೀತು ಎಂದು ವಾಚಕರು ಕೇಳಬಹುದು.

ಉತ್ತರವನ್ನು ಫ್ರಾನ್ಸಿನ ಮರೆನ್ ಮರ್ಸೆನ್ ೧೬೩೬ರಷ್ಟು ಹಿಂದೆಯೇ ಕೊಟ್ಟಿದ್ದಾನೆ. ತಂತಿಯ ಕಂಪನಸಂಖ್ಯೆ ಅದರ ಉದ್ದಕ್ಕೆ ವಿಲೋಮವಾಗಿಯೂ, ಬಿಗಿತದ ವರ್ಗಮೂಲಕ್ಕೆ ಅನುಲೋಮವಾಗಿಯೂ ಇರುತ್ತದೆ. ಇದನ್ನೇ ತಿರುಗಿಸಿ ಹೇಳುವುದಾದರೆ, ಅದೇ ತಂತಿಯನ್ನು ಅದೇ ಶ್ರುತಿಗೆ ಕೂಡಿಸಲು ಬೇಕಾಗುವ ಬಿಗಿತ ಉದ್ದದ ವರ್ಗಕ್ಕೆ ಅನುಗುಣವಾಗಿರುತ್ತದೆ. ಇಂಚಿನ ನೂರರಲ್ಲೊಂದು ಪಾಲು ದಪ್ಪವಿರುವ ಉಕ್ಕಿನ ತಂತಿಯನ್ನು ಗಿಟಾರಿನ ಅತ್ಯಂತ ತಾರದ ಸ್ವರಕ್ಕೆ, ಎಂದರೆ ಸೆಕೆಂಡಿಗೆ ಸುಮಾರು ೩೩೦ ಕಂಪನಗಳಿಗೆ, ಏರಿಸಬೇಕಾದರೆ ಪೂರ್ಣ ಅಳತೆಯ ವಾದ್ಯದಲ್ಲಿ ಸುಮಾರು ೭.೪ ಕಿಲೋಗ್ರಾಂ ತೂಕದ ಎಳೆತ ಬೇಕು. ೨೨.೫ ಇಂಚಿನ ವಾದ್ಯದಲ್ಲಿ ೫.೮ ಕಿಲೋಗ್ರಾಂ ಸಾಕು. ಉದ್ದದಲ್ಲಿ ಕಡಿಮೆಯಾದುದು ಶೇಕಡ ೧೨. ಬಿಗಿತದಲ್ಲಿ ಕಡಿಮೆಯಾದುದು ಶೇಕಡ ೨೨. ಆರು ತಂತಿಗಳನ್ನೂ ಕೂಡಿ ನೋಡಿದರೆ ಸುಮಾರು ೪೬ ಕಿಲೋಗ್ರಾಂ ಇದ್ದ ಒಟ್ಟು ಎಳೆತ ೩೬ಕ್ಕೆ ಇಳಿಯುತ್ತದೆ. ಬಲಿಯದ ಬೆರಳಿಗೆ ಈ ವ್ಯತ್ಯಾಸ ಮೊದಲ ದಿನವೇ ತಿಳಿಯುತ್ತದೆ.

ಇಷ್ಟೇ ಅಲ್ಲ. ತಂತಿ ಗಿಡ್ಡವಾದರೆ ಮೆಟ್ಟುಗಳೂ ಹತ್ತಿರ ಹತ್ತಿರ ಬರುತ್ತವೆ. ತುದಿಯ ಪಟ್ಟಿಯಿಂದ ನಾಲ್ಕನೆಯ ಮೆಟ್ಟಿನವರೆಗಿನ ದೂರ ದೊಡ್ಡ ಗಿಟಾರಿನಲ್ಲಿ ಸುಮಾರು ೧೩.೪ ಸೆಂಟಿಮೀಟರ್, ಗಿಡ್ಡದರಲ್ಲಿ ೧೧.೮. ನಾಲ್ಕು ಬೆರಳುಗಳನ್ನು ನಾಲ್ಕು ಮೆಟ್ಟುಗಳ ಮೇಲೆ ಹರಡಬೇಕಾದ ಹುಡುಗನಿಗೆ ಒಂದೂವರೆ ಸೆಂಟಿಮೀಟರಿನ ಉಳಿತಾಯ ಸಣ್ಣದಲ್ಲ. ಇನ್ನು ಸ್ವರವನ್ನು ಬಾಗಿಸಿ ನುಡಿಸುವ ಕ್ರಮವನ್ನು ನೋಡೋಣ. ನಮ್ಮ ಸಂಗೀತದ ಜಾರು, ಮೀಂಡು, ಗಮಕಗಳಿಗೆಲ್ಲ ತಂತಿಯನ್ನು ಓರೆಯಾಗಿ ಎಳೆಯಬೇಕಲ್ಲವೆ? ಒಂದು ಸ್ವರವನ್ನು ನಿಶ್ಚಿತ ಅಂತರಕ್ಕೆ ಏರಿಸಲು ಬೇಕಾಗುವ ಬಲ, ಸ್ಥೂಲವಾಗಿ ಲೆಕ್ಕ ಹಾಕಿದರೆ, ಉದ್ದದ ಘನಕ್ಕೆ ಅನುಗುಣವಾಗಿರುತ್ತದೆ. ಆದುದರಿಂದ ಗಿಡ್ಡ ವಾದ್ಯದಲ್ಲಿ ಸುಮಾರು ಮೂರನೆಯ ಎರಡು ಪಾಲು ಬಲವೇ ಸಾಕಾಗುತ್ತದೆ. ನುರಿತ ವಾದಕರು ಕೂಡ ಈ ವಾದ್ಯವನ್ನು ಮೆಚ್ಚುವುದಕ್ಕೆ ಇದೊಂದು ಮುಖ್ಯ ಕಾರಣ.

ಹಾಗಾದರೆ ಎಲ್ಲ ಗಿಟಾರುಗಳನ್ನೂ ಮೊದಲಿನಿಂದ ಗಿಡ್ಡವಾಗಿಯೇ ಏಕೆ ಮಾಡಲಿಲ್ಲ? ಸಾಮಾನ್ಯ ಗಿಟಾರಿನಲ್ಲಿ ನಾದವನ್ನು ಹೊರಡಿಸುವುದು ಮರದ ಪೆಟ್ಟಿಗೆ. ತಂತಿಯೂ ಪೆಟ್ಟಿಗೆಯೂ ಚಿಕ್ಕದಾದರೆ ಮಂದ್ರಸ್ವರಗಳು ಸೊರಗುತ್ತವೆ. ವಿದ್ಯುತ್ ಗಿಟಾರಿನಲ್ಲಿ ಈ ತೊಡಕಿಲ್ಲ. ತಂತಿಗಳ ಕೆಳಗೆ ಅಯಸ್ಕಾಂತವೂ ಅದರ ಸುತ್ತ ತಾಮ್ರದ ತಂತಿಯ ಸುರುಳಿಯೂ ಇರುತ್ತವೆ. ವಾದಕರು ಇದನ್ನು ಪಿಕಪ್ ಎನ್ನುತ್ತಾರೆ. ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯ ಮೂಲಕ ಹಾಯುವ ಕಾಂತಕ್ಷೇತ್ರ ಏರಿಳಿಯುತ್ತದೆ. ೧೮೩೧ರಲ್ಲಿ ಫ್ಯಾರಡೆ ಕಂಡುಹಿಡಿದ ನಿಯಮದಂತೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಅದನ್ನು ಹಿಗ್ಗಿಸಿ ಕೇಳಿಸುವುದು ಧ್ವನಿವರ್ಧಕದ ಕೆಲಸ. ಪೆಟ್ಟಿಗೆಯ ಗಾತ್ರದ ಹಂಗು ಇಲ್ಲಿಗೆ ಬಹುಮಟ್ಟಿಗೆ ಹರಿಯಿತು. ೧೯೩೨ರ ಹೊತ್ತಿಗೆ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ರಿಕನ್‌ಬ್ಯಾಕರ್ ವಿದ್ಯುತ್ ಗಿಟಾರ್, ಇಂಥವುಗಳಲ್ಲಿ ಮೊದಲ ಯಶಸ್ವೀ ವಾದ್ಯ. ತೊಡೆಯ ಮೇಲಿಟ್ಟು ನುಡಿಸುವ ಹವಾಯಿ ಪದ್ಧತಿಯ ಆ ವಾದ್ಯದ ಒಂದು ಮಾದರಿಯ ತಂತಿಯೂ ೨೨.೫ ಇಂಚಿನದೇ ಎಂಬುದನ್ನು ಗಮನಿಸಬೇಕು.

ಕ್ಯಾಲಿಫೋರ್ನಿಯದ ಫೆಂಡರ್ ಸಂಸ್ಥೆ ೧೯೫೬ರಲ್ಲಿ ‘ಮ್ಯೂಸಿಕ್‌ಮಾಸ್ಟರ್’, ‘ಡ್ಯುಯೊ-ಸಾನಿಕ್’ ಎಂಬ ಎರಡು ಗಿಡ್ಡ ತಂತಿಯ ಗಿಟಾರುಗಳನ್ನು ವಿದ್ಯಾರ್ಥಿಗಳಿಗೆಂದೇ ತಯಾರಿಸಿತು. ೧೯೬೪ರಲ್ಲಿ ‘ಮಸ್ಟಾಂಗ್’ ಎಂಬುದು ಅವುಗಳ ಸಾಲಿಗೆ ಸೇರಿತು. ೧೯೮೨ರಲ್ಲಿ ಮಸ್ಟಾಂಗಿನ ತಯಾರಿಕೆ ನಿಂತಿತು. ಹಳೆಯ ವಾದ್ಯಗಳು ಕಡಿಮೆ ಬೆಲೆಗೆ ಮಾರಾಟವಾಗತೊಡಗಿದವು. ಕೈಯಲ್ಲಿ ಹೆಚ್ಚು ಹಣವಿಲ್ಲದ ತರುಣ ವಾದಕರು ಅವನ್ನೇ ಕೊಂಡು ನುಡಿಸಿದರು. ಅಂಥವರಲ್ಲಿ ಒಬ್ಬನಾದ ಕರ್ಟ್ ಕೊಬೇನ್ ೧೯೯೧ರಲ್ಲಿ ಮಸ್ಟಾಂಗನ್ನು ಹಿಡಿದು ಜಗತ್ತಿಗೆಲ್ಲ ಪರಿಚಿತನಾದಾಗ, ಕಲಿಯುವವರ ವಾದ್ಯವೆಂದು ಮೂಲೆಗೆ ಬಿದ್ದಿದ್ದುದು ಒಮ್ಮೆಲೇ ಬೇಡಿಕೆಯ ವಸ್ತುವಾಯಿತು. ವಾದ್ಯ ಬದಲಾಗಿರಲಿಲ್ಲ; ಬದಲಾದುದು ನೋಡುವವರ ದೃಷ್ಟಿ.

ಈ ಗಿಟಾರುಗಳಲ್ಲಿ ದೋಷಗಳಿಲ್ಲವೆಂದು ನಾವು ಹೇಳುವುದಿಲ್ಲ. ಬಿಗಿತ ಕಡಿಮೆಯಾದುದರಿಂದ ಮಂದ್ರದ ದಪ್ಪ ತಂತಿ ಸಡಿಲವಾಗಿ ಮೆಟ್ಟುಗಳಿಗೆ ಬಡಿಯುವುದುಂಟು. ಬೆರಳನ್ನು ಅವಶ್ಯಕತೆಗಿಂತ ಹೆಚ್ಚಾಗಿ ಒತ್ತಿದರೆ ಸ್ವರ ಮೇಲಕ್ಕೆ ಸರಿಯುತ್ತದೆ. ಉದ್ದ ಕಡಿಮೆಯಾದಷ್ಟೂ ತಂತಿಯ ಸ್ವಂತ ಬಿರುಸು ಹೆಚ್ಚಾಗಿ ಕಾಣಿಸಿಕೊಂಡು, ಉಪಸ್ವರಗಳು ಎರಡರಷ್ಟು, ಮೂರರಷ್ಟು ಎಂಬ ಲೆಕ್ಕದಿಂದ ತುಸು ತಪ್ಪುತ್ತವೆ. ಮೊದಲ ಕಾಲದ ಡ್ಯುಯೊ-ಸಾನಿಕ್‌ನಲ್ಲಿ ಆರು ತಂತಿಗಳಿಗೆ ಮೂರೇ ಆಧಾರಗಳಿದ್ದ ಕಾರಣ ಪ್ರತಿಯೊಂದು ತಂತಿಯನ್ನೂ ಬೇರೆ ಬೇರೆಯಾಗಿ ಸರಿಪಡಿಸುವಂತಿರಲಿಲ್ಲ. ಇವುಗಳಲ್ಲಿ ಕೆಲವಕ್ಕೆ ದಪ್ಪ ತಂತಿಯನ್ನು ಹಾಕುವುದೇ ಪರಿಹಾರ. ಕೆಲವನ್ನು ಒಪ್ಪಿಕೊಂಡೇ ನುಡಿಸಬೇಕು. ಆದರೆ ದೊಡ್ಡ ಗಿಟಾರಿಗೂ ಅದರದೇ ಆದ ದೋಷಗಳುಂಟು. ಗುಣದೋಷಗಳ ಈ ಹಂಚಿಕೆಯನ್ನು ಮೇಲು ಕೀಳು ಎಂದು ಓದುವುದು ತಪ್ಪು.

ನಮ್ಮ ಗಡಿನಾಡಿನವರಿಗೆ ಇದು ಹೊಸ ಪಾಠವಾಗಬೇಕಾಗಿಲ್ಲ. ಸಂಕೇಶ್ವರದಿಂದ ಚಿಕ್ಕೋಡಿಯ ಮೇಲೆ ಹಾದು ಕೃಷ್ಣೆಯನ್ನು ದಾಟಿದರೆ ಮೀರಜ ಸಿಗುತ್ತದೆ. ಆಯುಧಗಳ ಕೆಲಸ ಮಾಡುತ್ತಿದ್ದ ಶಿಕಲಗಾರ ಮನೆತನದವರು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅಲ್ಲಿ ತಂತಿವಾದ್ಯಗಳ ತಯಾರಿಕೆಗೆ ಕೈಹಾಕಿದರು. ಪಂಢರಪುರದ ಸೀಮೆಯ ಸೋರೆಬುರುಡೆಯಿಂದ ಅವರು ಮಾಡುವ ಸಿತಾರಕ್ಕೂ ತಂಬೂರಿಗೂ ೨೦೨೪ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಅಲ್ಲಿ ಗಂಡಸರ ದನಿಗೆ ಉದ್ದ ತಂಬೂರಿ, ಹೆಂಗಸರ ದನಿಗೆ ಗಿಡ್ಡ ತಂಬೂರಿ, ವಾದ್ಯಗಾರರ ಜೊತೆಗೆ ಇನ್ನೂ ಚಿಕ್ಕದು ಎಂದು ಅಳತೆಯನ್ನು ನೋಡಿಯೇ ಮಾಡುತ್ತಾರೆ. ಹೆಂಗಸರ ತಂಬೂರಿ ಗಂಡಸರದಕ್ಕಿಂತ ಕೀಳೆಂದು ಯಾವ ಗವಾಯಿಯೂ ಹೇಳಿದ್ದನ್ನು ನಾವು ಕೇಳಿಲ್ಲ. ಹಾಡುವ ಕಂಠಕ್ಕೆ ತಕ್ಕಂತೆ ವಾದ್ಯವನ್ನು ಅಳೆಯುವ ನಾವು, ನುಡಿಸುವ ಕೈಗೆ ತಕ್ಕಂತೆ ಅಳೆಯಲು ಏಕೆ ಹಿಂಜರಿಯಬೇಕು?

ಇನ್ನೊಂದು ಉದಾಹರಣೆ ಬೀದಿಯಲ್ಲಿಯೇ ಇದೆ. ಈ ಭಾಗದ ಮದುವೆಗಳಲ್ಲಿ, ಗಣೇಶನ ಮೆರವಣಿಗೆಗಳಲ್ಲಿ ‘ಬೆಂಜೊ’ ಎಂಬ ವಾದ್ಯ ಮೊಳಗುತ್ತದೆ. ಅಮೆರಿಕದ ಬ್ಯಾಂಜೊಗೂ ಇದಕ್ಕೂ ಹೆಸರಿನದಷ್ಟೇ ನಂಟು. ಇದು ಬುಲ್‌ಬುಲ್ ತರಂಗ. ೧೯೧೨ರಲ್ಲಿ ಜಪಾನಿನ ನಾಗೋಯ ನಗರದಲ್ಲಿ ಮೊರಿತಾ ಗೊರೊ ಎಂಬಾತ ಟೈಪ್‌ರೈಟರಿನ ಗುಂಡಿಗಳನ್ನು ನೋಡಿ ರೂಪಿಸಿದ ತಾಯ್‌ಶೊಗೊತೊ ಎಂಬ ವಾದ್ಯವೇ ಇದರ ಮೂಲ. ಮನೆಯಲ್ಲಿ ಕುಳಿತು ಯಾರಾದರೂ ಸುಲಭವಾಗಿ ಕಲಿಯಲೆಂಬುದು ಅದರ ಅನುಕೂಲ. ನಮ್ಮ ವಾದಕರು ಅದಕ್ಕೆ ಪಿಕಪ್ ಜೋಡಿಸಿ, ಧ್ವನಿವರ್ಧಕಕ್ಕೆ ಸೇರಿಸಿ, ಸಾವಿರ ಜನರ ಗದ್ದಲದಲ್ಲಿಯೂ ಕೇಳಿಸುವಂತೆ ಮಾಡಿಕೊಂಡರು. ಕಲಿಯುವವರ ವಾದ್ಯ ಅವರ ಕೈಯಲ್ಲಿ ಜೀವನೋಪಾಯದ ವಾದ್ಯವಾಯಿತು. ಇನ್ನು ಸಂಗೀತ ಸಭೆಯ ಸಾಕ್ಷಿಯೇ ಬೇಕೆನ್ನುವವರು ಆಂಧ್ರದ ಯು. ಶ್ರೀನಿವಾಸರನ್ನು ನೆನೆಯಬಹುದು. ಮ್ಯಾಂಡೊಲಿನ್ನಿನ ತಂತಿ ಸಾಮಾನ್ಯವಾಗಿ ೩೫ ಸೆಂಟಿಮೀಟರಿನಷ್ಟು. ಅದರ ಜೋಡಿ ತಂತಿಗಳನ್ನು ಬಿಟ್ಟು, ಐದು ಒಂಟಿ ತಂತಿಗಳ ವಿದ್ಯುತ್ ಮ್ಯಾಂಡೊಲಿನ್ನಿನಲ್ಲಿ ಅವರು ಕರ್ನಾಟಕ ಸಂಗೀತದ ಗಮಕಗಳನ್ನು ನುಡಿಸಿ ತೋರಿಸಿದರು.

ಇಲ್ಲಿ ತರುಣ ವಾಚಕರಿಗೆ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಹಳೆಯ ಮಸ್ಟಾಂಗು, ಡ್ಯುಯೊ-ಸಾನಿಕ್ಕುಗಳಿಗೆ ಈಗ ಸಂಗ್ರಹಕಾರರು ಭಾರಿ ಬೆಲೆ ತೆರುತ್ತಾರೆ. ಆ ಬೆಲೆ ಕೀರ್ತಿಗೂ ವಿರಳತೆಗೂ ಸಂದದ್ದು. ಮರ್ಸೆನ್ನನ ಸೂತ್ರದಲ್ಲಿ ತಂತಿಯ ಉದ್ದಕ್ಕೆ, ಬಿಗಿತಕ್ಕೆ, ತೂಕಕ್ಕೆ ಸ್ಥಾನವುಂಟು. ವಾದ್ಯ ತಯಾರಾದ ವರ್ಷಕ್ಕೆ ಸ್ಥಾನವಿಲ್ಲ. ಗಿಡ್ಡ ತಂತಿಯ ಅನುಕೂಲವನ್ನು ಬಯಸುವವರಿಗೆ ಇಂದು ಹೊಸದಾಗಿ ತಯಾರಾಗುವ ಸಾಧಾರಣ ಬೆಲೆಯ ವಾದ್ಯವೂ ಸಾಕು. ವಿದ್ಯಾರ್ಥಿಗಳ ವಾದ್ಯವನ್ನು ತಾತ್ಸಾರ ಮಾಡುವುದು ಹೇಗೆ ಅವಿಚಾರವೋ ಅದನ್ನು ಪೂಜಾವಸ್ತುವಾಗಿ ಮಾಡುವುದೂ ಹಾಗೆಯೇ.

ಹೊಸ ವಾದ್ಯವನ್ನೂ ಕೊಳ್ಳಲಾರದವರು ಏನು ಮಾಡಬೇಕು? ಸಂಕೇಶ್ವರದ ಆ ಮನೆಯಲ್ಲಿ ನಾವು ಮಾಡಿದುದನ್ನು ಹೇಳುತ್ತೇವೆ. ಬಿರಡೆಗಳನ್ನು ಸಡಿಲಿಸಿ ಆರು ತಂತಿಗಳನ್ನೂ ಒಂದು ಪೂರ್ಣಸ್ವರದಷ್ಟು ಕೆಳಗಿಳಿಸಿದೆವು. ಬಳಿಕ ದಂಡಿಗೆ ಹಾಕುವ ಚಿಮುಟದಂಥ ಹಿಡಿಕೆಯನ್ನು, ಗಿಟಾರಿನವರು ಕೇಪೊ ಎನ್ನುವುದನ್ನು, ಎರಡನೆಯ ಮೆಟ್ಟಿನ ಬಳಿ ಬಿಗಿದೆವು. ಶ್ರುತಿ ಮೊದಲಿನ ಸ್ಥಾನಕ್ಕೆ ಬಂದಿತು. ಕಂಪಿಸುವ ಉದ್ದ ಮಾತ್ರ ಹನ್ನೊಂದು ಶೇಕಡದಷ್ಟು ಕಡಿಮೆಯಾಯಿತು. ೬೪.೮ ಸೆಂಟಿಮೀಟರಿನ ವಾದ್ಯ ೫೭.೭ ಸೆಂಟಿಮೀಟರಿನದಾಯಿತು, ಎಂದರೆ ವಿದ್ಯಾರ್ಥಿಗಳ ಗಿಟಾರಿನ ಅಳತೆಗೆ ಬಹುತೇಕ ಸಮನಾಯಿತು. ಬಿಗಿತವೂ ಐದನೆಯ ಒಂದು ಪಾಲು ಇಳಿಯಿತು. ಹುಡುಗ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಮೂರು ಬೆರಳುಗಳ ಒಂದು ಸ್ವರಮೇಳವನ್ನು ಹಿಡಿದನು. ಎರಡು ಸಲ ಕೆಟ್ಟಿತು, ಮೂರನೆಯ ಸಲ ನುಡಿಯಿತು. ಅವನು ಮುಂದೆ ದೊಡ್ಡ ವಾದಕನಾಗುವನೋ ಇಲ್ಲವೋ ನಾವರಿಯೆವು. ವಾದ್ಯ ಮಾತ್ರ ಈಗ ಮೊಳೆಯ ಮೇಲಿಲ್ಲ. ಬೆರಳು ಸಣ್ಣದೆಂಬ ಮಾತನ್ನು ಅವನು ಮತ್ತೆ ಆಡಿಲ್ಲ.

ನಮ್ಮ ಅಭಿಪ್ರಾಯ ಇಷ್ಟು. ಶಾಲೆಗಳೂ ಪಾಲಕರೂ ವಾದ್ಯವನ್ನು ಕೊಳ್ಳುವಾಗ ಮಗುವಿನ ಕೈಯನ್ನು ಮೊದಲು ಅಳೆಯಲಿ, ಬೆಲೆಯನ್ನೂ ಹೆಸರನ್ನೂ ಆಮೇಲೆ ನೋಡಲಿ. ತಂತಿ ಮೆಟ್ಟಿನಿಂದ ಬಹಳ ಎತ್ತರದಲ್ಲಿದ್ದರೆ ಅಂಥ ವಾದ್ಯವನ್ನು ಸರಿಪಡಿಸದೆ ಮಗುವಿನ ಕೈಗೆ ಕೊಡದಿರಲಿ. ವಿದ್ಯುತ್ ಗಿಟಾರಿನಲ್ಲಿ ಹನ್ನೆರಡನೆಯ ಮೆಟ್ಟಿನ ಮೇಲೆ ಎರಡು ಮಿಲಿಮೀಟರಿನಷ್ಟು ಎತ್ತರ ಸಾಕು. ಕಾಲೇಜಿನ ವಿದ್ಯಾರ್ಥಿಗಳು ನಮ್ಮ ಮಾತನ್ನು ನಂಬಬೇಕಾಗಿಲ್ಲ. ಪ್ರಯೋಗಶಾಲೆಯಲ್ಲಿರುವ ಸೊನೊಮೀಟರನ್ನು ತೆಗೆದುಕೊಂಡು, ಎರಡು ಕುದುರೆಗಳನ್ನು ೬೦ ಸೆಂಟಿಮೀಟರ್ ದೂರದಲ್ಲಿಟ್ಟು ೪ ಕಿಲೋಗ್ರಾಂ ತೂಕವನ್ನು ತೂಗುಹಾಕಿ ಶ್ರುತಿಯನ್ನು ಕೇಳಿರಿ. ಕುದುರೆಗಳನ್ನು ೪೫ ಸೆಂಟಿಮೀಟರಿಗೆ ಸರಿಸಿ, ಅದೇ ಶ್ರುತಿ ಬರುವವರೆಗೆ ತೂಕವನ್ನು ಇಳಿಸುತ್ತ ಬನ್ನಿರಿ. ತಟ್ಟೆಯಲ್ಲಿ ಸುಮಾರು ಎರಡೂಕಾಲು ಕಿಲೋಗ್ರಾಂ ಉಳಿದಿರುತ್ತದೆ. ಅಷ್ಟು ಭಾರವನ್ನು ಎಳೆಯ ಬೆರಳಿನ ಮೇಲಿನಿಂದ ಇಳಿಸುವುದು ನಮ್ಮ ಕೈಯಲ್ಲಿಯೇ ಇದೆ.