ವಿಮಾನವಿದ್ಯೆಗೆ ಹಣವೆಲ್ಲಿದೆ?

ದ್ವಿತೀಯ ಪಿ.ಯು.ಸಿ. ಪರೀಕ್ಷೆಯ ಫಲಿತಾಂಶ ಹೊರಬಿದ್ದ ವಾರ ಮಧ್ಯಮ ವರ್ಗದ ಅನೇಕ ಮನೆಗಳಲ್ಲಿ ಎರಡು ಬಗೆಯ ಲೆಕ್ಕಾಚಾರ ಏಕಕಾಲದಲ್ಲಿ ನಡೆಯುತ್ತದೆ. ನಡುಮನೆಯಲ್ಲಿ ಮಗನೋ ಮಗಳೋ ಓದಿದರೆ ವಿಮಾನಶಾಸ್ತ್ರವನ್ನೇ ಓದುವೆನೆಂದು ಹಟ ಹಿಡಿದಿದ್ದರೆ, ಒಳಕೋಣೆಯಲ್ಲಿ ತಂದೆತಾಯಿಗಳು ಬೀರುವಿನ ಬೀಗ ತೆಗೆದು ಇರುವ ಒಡವೆಯನ್ನು ಮನಸ್ಸಿನಲ್ಲಿಯೇ ತೂಗಿ ನೋಡುತ್ತಿರುತ್ತಾರೆ. 2023ರ ಆಗಸ್ಟ್ 23ರಂದು ಚಂದ್ರಯಾನದ ನೌಕೆಯು ಚಂದ್ರನ ದಕ್ಷಿಣ ಧ್ರುವದ ಸಮೀಪದಲ್ಲಿ ಇಳಿದುದನ್ನು ಕಣ್ಣಾರೆ ಕಂಡ ಮಕ್ಕಳಿಗೆ ಈ ವಿದ್ಯೆಯ ಮೇಲೆ ಮೋಹವುಂಟಾದರೆ ಅದನ್ನು ತಪ್ಪೆನ್ನುವಂತಿಲ್ಲ. ಆದರೆ ಒಡವೆಯನ್ನು ಹೊರತೆಗೆಯುವ ಮುನ್ನ ತಿಳಿದಿರಬೇಕಾದ ಸಂಗತಿಯೊಂದಿದೆ. ಈ ವಿದ್ಯೆಗೆಂದು ದೇಶ ತೆಗೆದಿಟ್ಟಿರುವ ಹಣದ ಬಹುಪಾಲು ಹೊಸ್ತಿಲಿನಲ್ಲಿಲ್ಲ. ಅದು ಮಹಡಿಯ ಮೇಲಿದೆ. ಹೊಸ್ತಿಲಿನಲ್ಲಿಯೇ ಕೈ ಬರಿದು ಮಾಡಿಕೊಂಡವರು ಮಹಡಿಯವರೆಗೆ ಏರುವುದು ಕಷ್ಟ.

ಒಡವೆಯ ಮಾತು ಬಂದಾಗ ಅಬ್ದುಲ್ ಕಲಾಂ ಅವರ ನೆನಪಾಗದಿರದು. ರಾಮೇಶ್ವರದಲ್ಲಿ 1931ರಲ್ಲಿ ಜನಿಸಿದ ಅವರು ತಿರುಚಿರಾಪಳ್ಳಿಯ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಓದಿದ ಮೇಲೆ, ತಮಗೆ ಬೇಕಾದುದು ಎಂಜಿನಿಯರಿಂಗ್ ಎಂದು ಕಂಡುಕೊಂಡು ಮದರಾಸಿನ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಗೆ ಅರ್ಜಿ ಹಾಕಿದರು. ಪ್ರವೇಶವೇನೋ ದೊರೆಯಿತು. ಆದರೆ ಸೇರುವುದಕ್ಕೆ ಸುಮಾರು 1,000 ರೂಪಾಯಿ ಬೇಕಾಗಿತ್ತು. ಅಷ್ಟು ಹಣ ತಂದೆಯ ಬಳಿ ಇರಲಿಲ್ಲ. ಆಗ ಅಕ್ಕ ಜೊಹರಾ ತಮ್ಮ ಚಿನ್ನದ ಬಳೆಗಳನ್ನೂ ಸರವನ್ನೂ ಒತ್ತೆಯಿಟ್ಟು ಹಣ ಹೊಂದಿಸಿದರು. ಆ ಬಳೆಗಳನ್ನು ತನ್ನ ಸಂಪಾದನೆಯಿಂದಲೇ ಬಿಡಿಸಿಕೊಡಬೇಕೆಂದು ತಮ್ಮ ಸಂಕಲ್ಪ ಮಾಡಿದನು. ಓದುತ್ತಿರುವ ಹುಡುಗನಿಗೆ ಸಂಪಾದನೆಯೆಂದರೆ ಏನು? ಚೆನ್ನಾಗಿ ಓದಿ ವಿದ್ಯಾರ್ಥಿವೇತನ ಗಳಿಸುವುದೊಂದೇ.

ಗಳಿಸಿದ ವೇತನ ಒಮ್ಮೆ ಕೈತಪ್ಪುವುದರಲ್ಲಿತ್ತು. ಓದಿನ ಕೊನೆಯ ಘಟ್ಟದಲ್ಲಿ ಕಲಾಂ ಮತ್ತು ಅವರ ನಾಲ್ವರು ಸಹಪಾಠಿಗಳಿಗೆ ನೆಲದ ಸಮೀಪದಲ್ಲಿ ಹಾರಿ ದಾಳಿ ಮಾಡುವ ವಿಮಾನವೊಂದನ್ನು ರೂಪಿಸುವ ಕೆಲಸವನ್ನು ಒಪ್ಪಿಸಲಾಗಿತ್ತು. ಕೆಲಸದ ಪ್ರಗತಿಯನ್ನು ಪರಿಶೀಲಿಸಿದ ಪ್ರೊಫೆಸರ್ ಶ್ರೀನಿವಾಸನ್ ಅವರಿಗೆ ತೃಪ್ತಿಯಾಗಲಿಲ್ಲ. ಕಲಾಂ ಒಂದು ತಿಂಗಳ ಅವಕಾಶ ಬೇಡಿದರು. ದೊರೆತದ್ದು ಮೂರು ದಿನ. ಅಂದು ಶುಕ್ರವಾರ. ಸೋಮವಾರ ಬೆಳಗ್ಗೆ ನಕ್ಷೆ ಬಾರದಿದ್ದರೆ ವಿದ್ಯಾರ್ಥಿವೇತನವನ್ನು ನಿಲ್ಲಿಸಲಾಗುವುದೆಂದು ಆ ಗುರುಗಳು ಸ್ಪಷ್ಟವಾಗಿ ತಿಳಿಸಿದರು. ಆ ರಾತ್ರಿ ಊಟವನ್ನೂ ಬಿಟ್ಟು ಹುಡುಗ ನಕ್ಷೆಯ ಹಲಗೆಯ ಮುಂದೆ ನಿಂತ. ಭಾನುವಾರ ಬೆಳಗ್ಗೆ, ಕೆಲಸ ಇನ್ನೇನು ಮುಗಿಯುತ್ತ ಬಂದಿರುವಾಗ, ಟೆನ್ನಿಸ್ ಉಡುಪಿನಲ್ಲಿಯೇ ಕೋಣೆಗೆ ಬಂದ ಗುರುಗಳು ನಕ್ಷೆಯನ್ನು ನೋಡಿ ಬೆನ್ನು ತಟ್ಟಿದರು.

ಈ ಪ್ರಸಂಗವನ್ನು ಶಾಲೆಯ ಭಾಷಣಗಳಲ್ಲಿ ಪರಿಶ್ರಮದ ಕಥೆಯಾಗಿ ಹೇಳುತ್ತಾರೆ. ಅದು ಸರಿಯೇ. ಆದರೆ ಮನೆ ನಡೆಸುವವರು ಇದರಲ್ಲಿ ಕಾಣಬೇಕಾದುದು ಇನ್ನೊಂದಿದೆ. ವಿದ್ಯಾರ್ಥಿವೇತನವೆಂಬುದು ಬಹುಮಾನವಲ್ಲ, ಕರಾರು. ಅದು ಒಮ್ಮೆ ಬಂದರೆ ಕೊನೆಯವರೆಗೂ ಬರುತ್ತಲೇ ಇರುತ್ತದೆಂಬ ಭರವಸೆಯ ಮೇಲೆ ಸಂಸಾರದ ಖರ್ಚನ್ನು ಹೂಡಿದವರು ಎಡವಿದ್ದಾರೆ.

ಹೊಸ್ತಿಲಿನ ಲೆಕ್ಕವನ್ನೇ ಮೊದಲು ನೋಡಬಹುದು. ಬಿ.ಇ. ಅಥವಾ ಬಿ.ಟೆಕ್. ಮಟ್ಟದಲ್ಲಿ ವಿಮಾನಶಾಸ್ತ್ರದ ವಿದ್ಯಾರ್ಥಿಗೆಂದೇ ಇರುವ ಸಹಾಯ ಬಹಳ ಕಡಮೆ. ದೊರೆಯುವುದೆಲ್ಲ ಇತರ ವಿದ್ಯಾರ್ಥಿಗಳೊಡನೆ ಪಾಲು ಹಂಚಿಕೊಳ್ಳಬೇಕಾದದ್ದು. ಪಿ.ಯು.ಸಿ.ಯಲ್ಲಿ ತಮ್ಮ ಮಂಡಳಿಯ ಮೇಲ್ತುದಿಯ ನೂರಕ್ಕೆ ಇಪ್ಪತ್ತರ ಪಂಕ್ತಿಯಲ್ಲಿ ಬಂದವರಿಗೆ, ಮನೆಯ ವಾರ್ಷಿಕ ಆದಾಯ 4.5 ಲಕ್ಷ ರೂಪಾಯಿಯನ್ನು ಮೀರದಿದ್ದರೆ, ಕೇಂದ್ರ ಸರಕಾರದ ವಿದ್ಯಾರ್ಥಿವೇತನ ಯೋಜನೆಯಲ್ಲಿ ಮೊದಲ ಮೂರು ವರ್ಷ ವರ್ಷಕ್ಕೆ 12,000 ರೂಪಾಯಿಯೂ ಎಂಜಿನಿಯರಿಂಗಿನ ನಾಲ್ಕನೆಯ ವರ್ಷ 20,000 ರೂಪಾಯಿಯೂ ನಿಗದಿಯಾಗಿದೆ. ಪ್ರತಿವರ್ಷ ನವೀಕರಣ ಮಾಡಿಸಬೇಕು. ಅದಕ್ಕೆ ನೂರಕ್ಕೆ ಐವತ್ತು ಅಂಕ, ಎಪ್ಪತ್ತೈದು ಹಾಜರಿ ಬೇಕು. ಹೆಣ್ಣುಮಕ್ಕಳಿಗೆ ಇದಕ್ಕಿಂತ ಹಿರಿದಾದ ಸಹಾಯವೆಂದರೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ‘ಪ್ರಗತಿ’ ವೇತನ. ಅದು ವರ್ಷಕ್ಕೆ 50,000 ರೂಪಾಯಿ. ಆದಾಯದ ಮಿತಿ 8 ಲಕ್ಷ. ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳವರೆಗೆ ಅವಕಾಶವಿದೆ. ಆದರೆ ಅರ್ಜಿ ಹಾಕಬೇಕಾದುದು ಸೇರಿದ ವರ್ಷದಲ್ಲಿಯೇ. ಮೊದಲ ವರ್ಷ ಹೇಗೋ ಸಾಗಲಿ, ಎರಡನೆಯ ವರ್ಷ ನೋಡೋಣ ಎಂದುಕೊಂಡ ಮನೆಗೆ ಆ ಬಾಗಿಲು ಮುಚ್ಚಿದಂತೆಯೇ. ಕಾಲೇಜಿಗೆ ಪರಿಷತ್ತಿನ ಮಾನ್ಯತೆ ಇರಬೇಕೆಂಬುದನ್ನೂ ಸೇರುವ ಮುನ್ನವೇ ವಿಚಾರಿಸಿಕೊಳ್ಳುವುದು ಲೇಸು.

ಕರ್ನಾಟಕ ಸರಕಾರದ ಇಲಾಖೆಗಳ ವೇತನಗಳಿಗೆಲ್ಲ ರಾಜ್ಯ ವಿದ್ಯಾರ್ಥಿವೇತನ ತಾಣದ ಮೂಲಕವೇ ಅರ್ಜಿ ಹೋಗಬೇಕು. ಇಲ್ಲಿ ಅರ್ಜಿಗಳು ನಿಂತುಹೋಗುವುದಕ್ಕೆ ಅರ್ಹತೆಯ ಕೊರತೆಯೊಂದೇ ಕಾರಣವಲ್ಲ, ಹೆಸರಿನ ಗೊಂದಲವೂ ಕಾರಣ. ನಮ್ಮ ಕಡೆಯ ಮಕ್ಕಳ ಹೆಸರಿನ ಹಿಂದೆ ಮುಂದೆ ಊರಿನದೊಂದು, ತಂದೆಯದೊಂದು ಅಕ್ಷರ ಅಂಟಿಕೊಂಡಿರುತ್ತದೆ. ಅಂಕಪಟ್ಟಿಯಲ್ಲಿ ಅದು ಬರಿಯ ಅಕ್ಷರವಾಗಿ, ಆಧಾರಿನಲ್ಲಿ ಪೂರ್ಣ ಪದವಾಗಿ, ಬ್ಯಾಂಕಿನ ಪುಸ್ತಕದಲ್ಲಿ ಮಾಯವಾಗಿ ಕಾಣಿಸಿಕೊಂಡರೆ ಯಂತ್ರಕ್ಕೆ ಮೂವರು ಬೇರೆ ಬೇರೆ ವ್ಯಕ್ತಿಗಳಂತೆ ತೋರುವುದು ಸಹಜ. ಬೇಸಗೆಯ ರಜದಲ್ಲಿಯೇ ಇದನ್ನು ಸರಿಪಡಿಸಿ, ನಾಡಕಚೇರಿಯಿಂದ ಆದಾಯದ ಪ್ರಮಾಣಪತ್ರವನ್ನೂ ತಂದಿಟ್ಟುಕೊಂಡರೆ ಮಳೆಗಾಲದಲ್ಲಿ ಕಚೇರಿಯಿಂದ ಕಚೇರಿಗೆ ಅಲೆಯುವುದು ತಪ್ಪುತ್ತದೆ.

ಮೊದಲ ಮೆಟ್ಟಿಲಿನಲ್ಲಿಯೇ ಈ ವಿದ್ಯೆಯನ್ನು ಕಲಿಸುವ ಸರಕಾರಿ ಸಂಸ್ಥೆಗಳಲ್ಲಿ ತಿರುವನಂತಪುರದ ಭಾರತೀಯ ಬಾಹ್ಯಾಕಾಶ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯೂ ಒಂದು. 2007ರಲ್ಲಿ ಅದು ಆರಂಭವಾದಾಗ ಮೊದಲ ತಂಡಗಳ ವಿದ್ಯಾಭ್ಯಾಸದ ವೆಚ್ಚವನ್ನು ಬಾಹ್ಯಾಕಾಶ ಇಲಾಖೆಯೇ ವಹಿಸಿಕೊಂಡಿತ್ತು. ಆ ಏರ್ಪಾಡು ಅನಂತರ ಬದಲಾಯಿತು. ಅಲ್ಲಿ ಓದು ಉಚಿತವೆಂದು ಈಗಲೂ ನೆಂಟರಿಷ್ಟರು ಹೇಳುವುದುಂಟು. ಅದನ್ನು ನಂಬಿ ಲೆಕ್ಕ ಹಾಕಬಾರದು.

ಇನ್ನು ಮಹಡಿಯ ವಿಚಾರ. ‘ಗೇಟ್’ ಪರೀಕ್ಷೆಯಲ್ಲಿ ಅರ್ಹತೆ ಪಡೆದು ಎಂ.ಇ. ಅಥವಾ ಎಂ.ಟೆಕ್. ಸೇರುವವರಿಗೆ ತಿಂಗಳಿಗೆ 12,400 ರೂಪಾಯಿಯ ವೇತನ ಎರಡು ವರ್ಷಗಳ ಕಾಲ ನಿಗದಿಯಾಗಿದೆ. ಬದಲಿಗೆ ವಾರದಲ್ಲಿ ಕೆಲವು ಗಂಟೆ ಪ್ರಯೋಗಶಾಲೆಯಲ್ಲೋ ತರಗತಿಯಲ್ಲೋ ದುಡಿಯಬೇಕು. ಬೆಂಗಳೂರಿನ ಬಾಡಿಗೆಯನ್ನು ಬಲ್ಲವರು ಈ ಮೊತ್ತವನ್ನು ಕೇಳಿ ನಕ್ಕಾರು. ಆದರೆ ವಿದ್ಯಾರ್ಥಿನಿಲಯದಲ್ಲಿದ್ದು ಓದುವವನಿಗೆ, ತಂದೆಯ ಕಡೆಯಿಂದ ಮನಿಯಾರ್ಡರನ್ನು ನಿರೀಕ್ಷಿಸದೆ ಬದುಕುವ ಮೊದಲ ಅವಕಾಶ ಇದು. ಸಂಶೋಧನೆಗೆ ಏರಿದರೆ 2023ರ ಜನವರಿಯಿಂದ ಕಿರಿಯ ಸಂಶೋಧಕನಿಗೆ ತಿಂಗಳಿಗೆ 37,000 ರೂಪಾಯಿಯೂ ಎರಡು ವರ್ಷಗಳ ಬಳಿಕ ಹಿರಿಯನಾದಾಗ 42,000 ರೂಪಾಯಿಯೂ ಗೊತ್ತಾಗಿದೆ. 2018ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸಂಶೋಧನಾ ಶಿಷ್ಯವೇತನವಂತೂ 70,000 ರೂಪಾಯಿಯಿಂದ ತೊಡಗಿ 80,000ದವರೆಗೆ ಏರುವಂತೆ ರೂಪುಗೊಂಡಿತು. ಇದಲ್ಲದೆ ರಕ್ಷಣಾ ಇಲಾಖೆಯ ವೈಮಾನಿಕ ಸಂಶೋಧನಾ ಮತ್ತು ಅಭಿವೃದ್ಧಿ ಮಂಡಳಿಯೂ, ‘ರೆಸ್ಪಾಂಡ್’ ಎಂಬ ಯೋಜನೆಯ ಮೂಲಕ ಇಸ್ರೋ ಸಂಸ್ಥೆಯೂ ವಿಶ್ವವಿದ್ಯಾನಿಲಯಗಳ ಪ್ರಾಧ್ಯಾಪಕರಿಗೆ ಸಂಶೋಧನೆಗಾಗಿ ಹಣ ಕೊಡುತ್ತವೆ. ಆ ಹಣದಲ್ಲಿ ಒಂದು ಪಾಲು ಕೆಲಸ ಮಾಡುವ ವಿದ್ಯಾರ್ಥಿಯ ವೇತನವಾಗಿ ಬರುತ್ತದೆ. ಅದಕ್ಕೆ ಪತ್ರಿಕೆಯಲ್ಲಿ ದೊಡ್ಡ ಜಾಹೀರಾತು ಬರುವುದಿಲ್ಲ. ಯಾವ ಪ್ರಾಧ್ಯಾಪಕರ ಬಳಿ ಯಾವ ಕೆಲಸ ನಡೆದಿದೆಯೆಂದು ಕೇಳಿ ತಿಳಿಯುವವರಿಗೇ ಅದು ಸಿಕ್ಕುವುದು.

ಮಹಡಿಗೆ ಏರುವ ಮೆಟ್ಟಿಲು ವಿಮಾನಶಾಸ್ತ್ರದ ಪದವಿಯೇ ಆಗಿರಬೇಕೆಂಬ ನಿಯಮವಿಲ್ಲ. ಬೆಂಗಳೂರಿನಲ್ಲಿ 1940ರ ಡಿಸೆಂಬರಿನಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆ ಸ್ಥಾಪಿತವಾಯಿತು. ಎರಡು ವರ್ಷಗಳೊಳಗೆ, 1942ರಲ್ಲಿ, ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಜನ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನಶಾಸ್ತ್ರದ ವಿಭಾಗ ತೆರೆಯಿತು. ಆ ವಿಭಾಗಕ್ಕೆ ಕೀರ್ತಿ ತಂದ ರೊದ್ದಂ ನರಸಿಂಹ ಅವರು ಮೊದಲು ಓದಿದ್ದು ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಯಂತ್ರಶಾಸ್ತ್ರವನ್ನು. ವಿಮಾನಶಾಸ್ತ್ರಕ್ಕೆ ಬಂದದ್ದು ಆಮೇಲೆ. ಸತೀಶ್ ಧವನ್ ಅವರದು ಇನ್ನೂ ಸ್ವಾರಸ್ಯ. ಲಾಹೋರಿನಲ್ಲಿ ಗಣಿತ, ಭೌತಶಾಸ್ತ್ರಗಳ ಜೊತೆಗೆ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ., ಅದರ ಮೇಲೆ ಯಂತ್ರಶಾಸ್ತ್ರದ ಪದವಿ, ಅನಂತರ ಅಮೆರಿಕದಲ್ಲಿ ವಿಮಾನಶಾಸ್ತ್ರ. ಸಾಹಿತ್ಯ ಓದಿದರೆ ಉದ್ಧಾರವಾಗುವುದಿಲ್ಲವೆನ್ನುವ ಸೋದರಮಾವಂದಿರು ಇದನ್ನು ಗಮನಿಸಬೇಕು! ಇಸ್ರೋ ಸಂಸ್ಥೆಯ ಸಾಮಾನ್ಯ ನೇಮಕಾತಿಯ ಪ್ರಕಟಣೆಗಳಲ್ಲಿಯೂ ಹೆಚ್ಚಾಗಿ ಕೇಳುವುದು ವಿದ್ಯುನ್ಮಾನ, ಯಂತ್ರಶಾಸ್ತ್ರ, ಗಣಕ ವಿಜ್ಞಾನಗಳ ಪದವೀಧರರನ್ನು. ಆದುದರಿಂದ ವಿಮಾನಶಾಸ್ತ್ರವೆಂಬ ಹೆಸರೊಂದಕ್ಕಾಗಿ ಉಪಕರಣಗಳಿಲ್ಲದ ದುಬಾರಿ ಕಾಲೇಜಿಗೆ ಲಕ್ಷಗಟ್ಟಲೆ ಸುರಿಯುವುದಕ್ಕಿಂತ, ಕಡಮೆ ಶುಲ್ಕದ ಒಳ್ಳೆಯ ಕಾಲೇಜಿನಲ್ಲಿ ಯಂತ್ರಶಾಸ್ತ್ರವನ್ನು ಓದಿ ‘ಗೇಟ್’ ದಾಟುವುದು ಜಾಣತನ. ಮಗಳು ಮುನಿಸಿಕೊಂಡರೂ ಈ ಮಾತನ್ನು ಒಮ್ಮೆ ಹೇಳಿ ನೋಡಬೇಕು.

ಸಾಲ ಅನಿವಾರ್ಯವಾದರೆ, 2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆ ಒಡವೆಯ ಅಂಗಡಿಗಿಂತ ಮೇಲು. ಗೊತ್ತುಪಡಿಸಿದ ಉತ್ತಮ ಸಂಸ್ಥೆಗಳಲ್ಲಿ ಸೇರುವವರಿಗೆ ಆಸ್ತಿಯ ಒತ್ತೆಯಿಲ್ಲದೆ ಸಾಲ. ಮನೆಯ ಆದಾಯ 8 ಲಕ್ಷದೊಳಗಿದ್ದರೆ, 10 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಬಡ್ಡಿಯಲ್ಲಿ ನೂರಕ್ಕೆ 3ರಷ್ಟು ರಿಯಾಯಿತಿ.

ವಿದೇಶದ ವ್ಯಾಸಂಗದ ವಿಷಯದಲ್ಲಿ ಈ ವಿದ್ಯೆಗೆ ಒಂದು ವಿಶೇಷ ತೊಡಕಿದೆ. ಅದರ ಹಿನ್ನೆಲೆಯನ್ನು ಒಬ್ಬನ ಬಾಳೇ ಹೇಳುತ್ತದೆ. ಚೀನದ ಬಾಕ್ಸರ್ ದಂಗೆಯ ಪರಿಹಾರವಾಗಿ ತನಗೆ ಬರಬೇಕಾಗಿದ್ದ ಹಣದಲ್ಲಿ ಹೆಚ್ಚಿನ ಪಾಲನ್ನು ಅಮೆರಿಕವು ಚೀನೀ ವಿದ್ಯಾರ್ಥಿಗಳ ಓದಿಗೆಂದು ಬಿಟ್ಟುಕೊಟ್ಟಿತ್ತು. ಆ ವೇತನದ ಮೇಲೆ 1935ರಲ್ಲಿ ಅಮೆರಿಕಕ್ಕೆ ಹೋದ ಚಿಯನ್ ಷುಯೆಸನ್ ಎಂಬ ತರುಣ ವಿಮಾನಶಾಸ್ತ್ರ ಕಲಿತು, ಕ್ಯಾಲಿಫೋರ್ನಿಯದಲ್ಲಿ ಥಿಯೊಡೋರ್ ಫಾನ್ ಕಾರ್ಮಾನರ ಶಿಷ್ಯನಾಗಿ, ಆ ದೇಶದ ರಾಕೆಟ್ ಪ್ರಯೋಗಗಳಲ್ಲಿ ಪ್ರಮುಖನಾದ. 1950ರಲ್ಲಿ ಕಮ್ಯೂನಿಸ್ಟನೆಂಬ ಶಂಕೆಯಿಂದ ಅವನ ಅನುಮತಿಪತ್ರವನ್ನು ಕಸಿದುಕೊಂಡರು. ವರ್ಷಗಟ್ಟಲೆ ಕಣ್ಗಾವಲಿನಲ್ಲಿಟ್ಟು, 1955ರಲ್ಲಿ ಚೀನಕ್ಕೆ ಕಳುಹಿಸಿದರು. ಅವನೇ ಚೀನದ ರಾಕೆಟ್ ವಿದ್ಯೆಯ ಪಿತಾಮಹನಾದ. 1970ರಲ್ಲಿ ಆ ದೇಶದ ಮೊದಲ ಉಪಗ್ರಹ ಮೇಲೇರಿತು.

ಒಂದೇ ಯಂತ್ರ ಪ್ರಯಾಣಿಕರನ್ನೂ ಒಯ್ಯುತ್ತದೆ, ಬಾಂಬನ್ನೂ ಒಯ್ಯುತ್ತದೆ. ಆದುದರಿಂದ ರಾಜ್ಯಗಳು ಈ ವಿದ್ಯೆಯ ಹಣಕ್ಕೆ ಕಾವಲಿಡುತ್ತವೆ. ನಾಸಾದ ಕೆಲವು ಸ್ನಾತಕೋತ್ತರ ಸಂಶೋಧನಾ ವೇತನಗಳೂ ಅಮೆರಿಕದ ರಕ್ಷಣಾ ಇಲಾಖೆಯ ವೇತನಗಳೂ ಅನ್ಯ ದೇಶದಿಂದ ಓದಲು ಹೋದವರಿಗೆ ಇಲ್ಲ. ಶಸ್ತ್ರಾಸ್ತ್ರ ರಫ್ತಿನ ಕಟ್ಟುಪಾಡಿಗೆ ಒಳಪಟ್ಟ ಕೆಲಸ ನಡೆಸುವ ಪ್ರಾಧ್ಯಾಪಕರು ಮನಸ್ಸಿದ್ದರೂ ಭಾರತದ ವಿದ್ಯಾರ್ಥಿಯನ್ನು ಅದರಲ್ಲಿ ಸೇರಿಸಿಕೊಳ್ಳುವುದು ಕಷ್ಟ. ದ್ರವಚಲನೆ, ದಹನ, ಲೋಹಗಳ ಗುಣ ಮುಂತಾದ ಮೂಲ ವಿಷಯಗಳಲ್ಲಿ ಕೆಲಸ ಮಾಡುವವರ ಬಳಿ ಸಹಾಯಕನಾಗಿ ಸೇರಿದರೆ ಶುಲ್ಕದ ವಿನಾಯಿತಿಯೂ ತಿಂಗಳ ವೇತನವೂ ದೊರೆಯುವ ಅವಕಾಶವಿದೆ. ಜರ್ಮನಿಯಲ್ಲಿ ಹೆಚ್ಚಿನ ಸರಕಾರಿ ವಿಶ್ವವಿದ್ಯಾನಿಲಯಗಳಿಗೆ ಬೋಧನಾಶುಲ್ಕವಿಲ್ಲ ನಿಜ; ಆದರೆ ವಿಮಾನಶಾಸ್ತ್ರಕ್ಕೆ ಹೆಸರಾದ ಸ್ಟುಟ್‌ಗಾರ್ಟ್ ಇರುವ ಪ್ರಾಂತದಲ್ಲಿ 2017ರಿಂದ ಯುರೋಪಿನ ಒಕ್ಕೂಟದ ಹೊರಗಿನವರಿಗೆ ಅರ್ಧವರ್ಷಕ್ಕೆ 1,500 ಯೂರೊ ಶುಲ್ಕವುಂಟು. ಪರಿಶಿಷ್ಟ ಜಾತಿಯವರಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವೂ, ಕರ್ನಾಟಕದ ಪರಿಶಿಷ್ಟ ಜಾತಿ, ಪಂಗಡಗಳವರಿಗೆ ‘ಪ್ರಬುದ್ಧ’ ಯೋಜನೆಯೂ ಇವೆ. ಜಮ್‌ಷೇಟ್‌ಜಿ ಟಾಟಾ 1892ರಲ್ಲಿ ಸ್ಥಾಪಿಸಿದ ನಿಧಿ ಇಂದಿಗೂ ವಿದೇಶಕ್ಕೆ ಹೋಗುವವರಿಗೆ ನೆರವಾಗುತ್ತಿದೆ. ಅದು ದಾನವಲ್ಲ, ಹಿಂದಿರುಗಿಸಬೇಕಾದ ಸಾಲ. ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ ಲಂಡನ್ನಿನಲ್ಲಿ ಓದಿದ್ದು ಟಾಟಾ ನಿಧಿಯ ವಿದ್ಯಾರ್ಥಿಯಾಗಿಯೇ.

ದೇಶವನ್ನು ಕೇಳದೆ ಕೊಡುವ ವೇತನವೂ ಒಂದುಂಟು. ಅಟ್ಲಾಂಟಿಕ್ ಸಾಗರವನ್ನು ಒಬ್ಬಳೇ ಹಾರಿ ದಾಟಿದ ಅಮೀಲಿಯಾ ಇಯರ್‌ಹಾರ್ಟ್ 1937ರ ಜುಲೈ ತಿಂಗಳಲ್ಲಿ ಪೆಸಿಫಿಕ್ ಸಾಗರದ ಮೇಲೆ ವಿಮಾನದೊಡನೆ ಕಣ್ಮರೆಯಾದಳು. ಆಕೆ ಸದಸ್ಯಳಾಗಿದ್ದ ಜೊಂಟಾ ಎಂಬ ಮಹಿಳಾ ಸಂಸ್ಥೆಯು ಮರುವರ್ಷವೇ ಆಕೆಯ ಹೆಸರಿನಲ್ಲಿ ಶಿಷ್ಯವೇತನವೊಂದನ್ನು ಸ್ಥಾಪಿಸಿತು. ವಿಮಾನ ಅಥವಾ ಅಂತರಿಕ್ಷ ವಿಜ್ಞಾನದಲ್ಲಿ ಡಾಕ್ಟರೇಟಿಗಾಗಿ ಓದುತ್ತಿರುವ ಯಾವ ದೇಶದ ಹೆಣ್ಣುಮಗಳಾದರೂ ಅದಕ್ಕೆ ಅರ್ಜಿ ಹಾಕಬಹುದು. ಆಯ್ಕೆಯಾದವಳಿಗೆ ಕೊಡುವ ಮೊತ್ತ 10,000 ಡಾಲರು.